ಹಲಗೆಯ ಮೇಲಿನ ರವಿಕೆ

ಕಣ್ಣಿಗೆ ಕಂಡದ್ದನ್ನು ನಂಬಬಾರದೆಂಬ ಕಾನೂನು ಬಂದ ಮೇಲೆ ನಮ್ಮ ಟೈಲರ್ ಅಂಗಡಿಯಲ್ಲಿ ಅಳತೆ ಟೇಪು ಇಲ್ಲ. ನಾಗೋಜಿ ಮಾಸ್ಟ್ರು ಗಿರಾಕಿಯನ್ನು ಪರದೆಯ ಆಚೆಗೇ ಕೂರಿಸಿ, ಅವಳ ವಯಸ್ಸು, ತಾಯಿಯ ಎತ್ತರ ಕೇಳಿ, ಕರಿಹಲಗೆಯ ಮೇಲೆ ತರ್ಕದಿಂದಲೇ ರವಿಕೆಯ ಅಳತೆ ಸಾಧಿಸುತ್ತಾರೆ. ಹೊಲಿಯುವುದು ನನ್ನ ಕೆಲಸ. ಇಣುಕಿ ನೋಡಿದರೆ ಆ ಕೆಲಸವೂ ಇಲ್ಲ.

ಮುಹೂರ್ತಕ್ಕೆ ಇನ್ನೊಂದೇ ಗಂಟೆ ಇರುವಾಗ ಮದುವೆ ಹೆಣ್ಣು ಇಂದ್ರಾಣಿ ಸೆರಗು ಹೊದ್ದುಕೊಂಡು ಓಡಿಬಂದಳು.

"ಮಾಸ್ಟ್ರೇ, ಹುಕ್ಕೇ ಹಾಕಕ್ಕಾಗ್ತಿಲ್ಲ! ಎಳೆದು ಹಾಕಿದ್ರೂ, ಜೋರಾಗಿ ಉಸಿರೆಳ್ಕೊಂಡ್ರೆ ಮಂಟಪದಲ್ಲೇ ಹರಿದುಹೋಗತ್ತೆ."

ಮಾಸ್ಟ್ರು ಪರದೆಯ ಈಚೆ ನಿಂತು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಮತ್ತೆ ಓದಿದರು. "ಮೂವತ್ನಾಲ್ಕು. ಎಲ್ಲೂ ತಪ್ಪಿಲ್ಲ ಕಣಮ್ಮ. ನಿನ್ನ ಮೈಯೇ ತಪ್ಪು."

"ಹಂಗಾದ್ರೆ ಆ ಹಲಗೆಗೇ ರವಿಕೆ ತೊಡ್ಸಿ, ಹಸೆಮಣೆ ಮೇಲೆ ಕೂರ್ಸಿ!"

ಮಾಸ್ಟ್ರು ಮತ್ತೆ ಹಲಗೆಯಲ್ಲಿ ಮುಳುಗಿದಾಗ ನಾನು ಅವಳನ್ನು ಒಳಕೋಣೆಗೆ ಕರೆದೊಯ್ದು ರವಿಕೆಯ ಎರಡೂ ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ತಲಾ ಒಂದೂವರೆ ಇಂಚು ಬಟ್ಟೆ ಮಡಚಿಕೊಂಡಿತ್ತು. ಅವಳು ಬಟ್ಟೆ ಕೊಡಲು ಬಂದ ದಿನವೇ ಪರದೆಯ ಸಂದಿಯಿಂದ ನೋಡಿ ಅಷ್ಟನ್ನು ಬಿಟ್ಟಿದ್ದೆ. ಹೊಸದಾಗಿ ಹೊಲಿಗೆ ಹಾಕಿ ಕೊಟ್ಟೆ. ಹುಕ್ಕು ಸಲೀಸಾಗಿ ಕೂತಿತು.

"ನನ್ನ ನೋಡಿದ್ದೆ ಅಲ್ವಾ ನೀನು?" ಎಂದು ಇಂದ್ರಾಣಿ ಪಿಸುಗುಟ್ಟಿದಳು.

ನಾನು ತಲೆ ತಗ್ಗಿಸಿದೆ. ಅವಳು ನನ್ನ ಕೆನ್ನೆ ಹಿಂಡಿ ಹೊರಗೆ ನಡೆದು, ಪರದೆಯ ಕಡೆ ಕೂಗಿ ಹೇಳಿದಳು: "ಸರಿಹೋಯ್ತು ಮಾಸ್ಟ್ರೇ! ನನ್ನ ಮೈಯೇ ತಪ್ಪಿತ್ತು."

ಮಾಸ್ಟ್ರು ನನ್ನ ಕಡೆ ತಿರುಗಿ ಗಂಭೀರವಾಗಿ ಅಂದರು: "ಕಲ್ತ್ಕೋ. ತರ್ಕ ಗಟ್ಟಿಯಾಗಿದ್ರೆ ಮೈ ತಾನಾಗೇ ದಾರಿಗೆ ಬರತ್ತೆ."