ತೂಗುದೀಪದ ಎತ್ತರ

"ಈ ತೂಗುದೀಪ ಯಾವಾಗ ಇಷ್ಟು ಮೇಲಕ್ಕೆ ಹೋಯ್ತು?" ಎಂದು ದೇವರಮನೆಯಲ್ಲಿ ಅಪ್ಪ ಯಾರನ್ನೂ ಉದ್ದೇಶಿಸದೆ ಕೇಳಿದರು.

ಹಿಂದೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಷಟ್ಪದಿ ಹಾಡುತ್ತ, ನಿಂತಲ್ಲೇ ಬತ್ತಿ ಹಚ್ಚುತ್ತಿದ್ದರು. ಎಲ್ಲ ಅಪ್ಪಂದಿರಂತೆ ತಮ್ಮ ಎತ್ತರವನ್ನು ಇಂಚಿಂಚಾಗಿ ಮಗನಾದ ನನಗೆ ಬರೆದುಕೊಟ್ಟು ಕುಳ್ಳಗಾದ ಮೇಲೆ ಈಗ ಮಣೆ ಹತ್ತುತ್ತಾರೆ.

ಜಗಲಿಯಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಕಾದಿದ್ದರು. ಈ ವಾರ ಬಂದ ಮೂರನೇ ಕಾಲೇಜಿನವರು. ಅಪ್ಪ ಹೊರಗೆ ಬಂದೊಡನೆ ನನಗೆ ಎಂಟಡಿ ಮಂಚ, ಪುಕ್ಕಟೆ ಸೀಟು ಎಲ್ಲ ಕೊಡುವುದಾಗಿ ಹೇಳಿ, ಎತ್ತರದಾನದ ಪತ್ರ ಚಾಚಿದರು.

"ನಿಮ್ಮ ಹುಡುಗ ಏಳಡಿಗೆ ಎರಡಿಂಚು ಕಮ್ಮಿ, ಯಜಮಾನ್ರೇ. ಅದೊಂದು ಕೊಟ್ಬಿಡಿ."

"ಅದಕ್ಕೇನಂತೆ? ಮಣೆ ಮೇಲೆ ಮಣೆ ಇಟ್ಕೋತೀನಿ," ಎಂದು ಅಪ್ಪ ನಗುತ್ತ ಪೆನ್ನು ತೆಗೆದರು.

ನಾನು ಆ ಪತ್ರವನ್ನು ಮಡಚಿ, ನನಗಷ್ಟೇ ಎಟುಕುವ ಜಂತೆಯ ಸಂದಿಗೆ ಸೇರಿಸಿದೆ.

"ಇಲ್ಲ ಸಾರ್. ಇನ್ನು ಅಪ್ಪನಿಂದ ಒಂದು ನೂಲಷ್ಟೂ ತಗೊಳ್ಳಲ್ಲ."