ಇಟ್ಟಿಗೆಯ ಮೇಲಿನ ಹೆಸರು

ಆ ಕಾಲದ ಚೀನಾದಲ್ಲಿ ಕೋಟೆಗೆ ಹೋಗುವ ಪ್ರತಿ ಇಟ್ಟಿಗೆಯ ಮೇಲೂ ಅದನ್ನು ಮಾಡಿದವರ ಹೆಸರು ಕೊರೆಯಬೇಕಿತ್ತು. ಗೋಡೆ ಬಿದ್ದರೆ ಆ ಹೆಸರನ್ನು ಜನರೆದುರು ಗಟ್ಟಿಯಾಗಿ ಓದಿ, ತಲೆ ತೆಗೆಯುತ್ತಿದ್ದರು. ಇಟ್ಟಿಗೆ ಗೂಡಿನ ಆ ಹೆಂಗಸಿನ ಗಂಡ ಹೋದದ್ದೂ ಹಾಗೆಯೇ. ಈ ವರ್ಷ ಇಟ್ಟಿಗೆ ಸುಟ್ಟವಳು ಅವಳು. ಗೋಡೆ ಮತ್ತೆ ಬಿತ್ತು.

ಅಧಿಕಾರಿ ಒಡೆದ ಇಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದ. "ನಿನ್ನ ಗೂಡಿನದೇ ಏನೇ ಇದು?"

"ಹೌದು ಬುದ್ಧಿ. ಹಸಿ ಸೌದೆ ಕೊಟ್ಟು, ಬೇಯೋಕೆ ಮುಂಚೇನೇ ಇಳಿಸು ಅಂದೋರು ನೀವೇ."

"ನಾಲಿಗೆ ಬಿಗಿಹಿಡಿ! ಏ ಗುಮಾಸ್ತ, ಹೆಸರು ಓದೋ."

ಗುಮಾಸ್ತ ಮಣ್ಣು ಒರೆಸಿ ನೋಡಿದವನೇ ತಲೆ ಅಲ್ಲಾಡಿಸಿದ. "ನನ್ನಿಂದಾಗಲ್ಲ ಸ್ವಾಮಿ."

"ಅಕ್ಷರ ಮರೆತುಹೋಯ್ತೇನೋ?" ಎಂದು ಇಟ್ಟಿಗೆ ಕಿತ್ತುಕೊಂಡ ಅಧಿಕಾರಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಓದಿ ಬುದ್ಧಿ, ಊರಿಗೆಲ್ಲ ಕೇಳಲಿ," ಎಂದಳು ಅವಳು, ಸೊಂಟದ ಮೇಲೆ ಕೈಯಿಟ್ಟು. "ನನಗಂತೂ ಓದು ಬರಲ್ಲ. ಚಕ್ರವರ್ತಿಗಳ ಹೆಸರನ್ನ ಬಾಯಲ್ಲಿ ಅಂದೋರ ತಲೆ ಉಳಿಯಲ್ಲ ಅಂತ ಡಂಗುರ ಹೊಡೆಸಿ, ಆ ಹೆಸರನ್ನ ಊರಬಾಗಿಲಲ್ಲಿ ಬರೆಸಿ ಹಾಕಿದ್ದೀರಲ್ಲ, ಅದನ್ನೇ ನೋಡ್ಕೊಂಡು ಕೊರೆದೆ. ಈ ವರ್ಷದ್ದು ಒಂದಿಟ್ಟಿಗೇನೂ ಬಿಟ್ಟಿಲ್ಲ."