ಕೆಂಪು ದೀಪದ ಹರಕೆ

"ನೋಡಿ ಮೇಡಂ, ಇದು ಆರು ತಿಂಗಳ ಹಿಂದಿಂದು. ಇದು ಇವತ್ತಿಂದು," ಎನ್ನುತ್ತ ಸಕ್ಲೇನ್ ಕಂಪ್ಯೂಟರಿನ ಪರದೆಯನ್ನು ತಾಯಿ ಮಗಳ ಕಡೆಗೆ ತಿರುಗಿಸಿದ. ಕಮ್ಮನಹಳ್ಳಿಯ ಆ ಕೂದಲಿನ ಕ್ಲಿನಿಕ್ಕಿನಲ್ಲಿ ಲೇಸರ್ ಹೆಲ್ಮೆಟ್ ತೊಡಿಸುವವನೂ ಅವನೇ, ಫೋಟೋ ತೆಗೆಯುವವನೂ ಅವನೇ. ಮೊದಲನೆಯ ಚಿತ್ರದಲ್ಲಿ ಪ್ರತಿಭಾಳ ಬೈತಲೆ ಎತ್ತಿನ ಗಾಡಿ ಹೋಗುವಷ್ಟು ಅಗಲವಿತ್ತು. ಎರಡನೆಯದರಲ್ಲಿ ಅದು ಕಾಲುದಾರಿಯಾಗಿತ್ತು. ಶರಣಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಎರಡೂ ಕೈ ಎತ್ತಿ ಮುಗಿದು, "ಅಂತೂ ಕಣ್ಣು ತೆರದ್ಯಲ್ಲೋ ನಮ್ಮಪ್ಪ ಮಲ್ಲಯ್ಯ! ಮಗಳ ಮುಡಿ ನಿಂದೇ ಬಿಡು!" ಎಂದುಬಿಟ್ಟಳು.

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಪ್ರತಿಭಾಳ ಮುಖದ ನಗು ಅರ್ಧಕ್ಕೇ ನಿಂತಿತ್ತು.

"ಏನಂದಿ ಅವ್ವಾ? ಯಾರ ಮುಡಿ?"

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. ಶರಣಮ್ಮ ಸೆರಗಿನ ತುದಿ ತಿರುವುತ್ತ ಎಲ್ಲ ಒಪ್ಪಿಕೊಂಡಳು. ಮೂರು ತಿಂಗಳ ಹಿಂದಿನ ಮಾತು. ಹೆಲ್ಮೆಟ್ ಹಾಕಿಕೊಂಡು ಕೂತರೆ ಬಿಸಿಯಿಲ್ಲ, ಉರಿಯಿಲ್ಲ, ಒಳಗೆ ಬರೀ ಕೆಂಪು ದೀಪ. ಹೊಸ ಕೂದಲು ಬರುವುದಿರಲಿ, ಇದ್ದದ್ದೂ ಬಾಚಣಿಗೆಗೆ ಬರುತ್ತಿತ್ತು. ಮಗಳು ನೆಂಟರಿಷ್ಟರ ಮದುವೆಗೆ ಹೋಗುವುದನ್ನು ಬಿಟ್ಟಿದ್ದಳು, ಮನೆಯ ಕನ್ನಡಿಗೆ ಟವೆಲ್ ಹಾಕಿದ್ದಳು, ಮಾರತ್ತಹಳ್ಳಿಯ ಆಫೀಸಿಗೆ ಬೇಸಿಗೆಯಲ್ಲೂ ಕಂದು ಸ್ಕಾರ್ಫ್ ಸುತ್ತಿಕೊಂಡೇ ಹೋಗುತ್ತಿದ್ದಳು. ನೋಡಿ ನೋಡಿ ಸಾಕಾಗಿ ಶರಣಮ್ಮ ಒಂದು ದಿನ ದೇವರ ಪಟದ ಮುಂದೆ ಸೆರಗೊಡ್ಡಿದಳು. ಆಗ ಬಾಯಿಗೆ ಬಂದದ್ದು ಮೂವತ್ತು ವರ್ಷದ ಹಿಂದಿನ ಹರಕೆ. ಕೂಸಿಗೆ ವರ್ಷ ತುಂಬಿದರೂ ತಲೆಯಲ್ಲಿ ಕೂದಲು ಮೂಡದಿದ್ದಾಗ, 'ತಲಿ ತುಂಬ ಕೂದ್ಲ ಕೊಡಪಾ, ಅದನ್ನೇ ತಂದು ನಿನಗ ಕೊಡ್ತೀನಿ' ಎಂದು ಬೇಡಿಕೊಂಡು, ಕೂದಲು ಬಂದಮೇಲೆ ತೀರಿಸಿಯೂ ಇದ್ದಳಲ್ಲ, ಅದೇ. ಮಗಳ ತಲೆಗೆ ಅಂತ ಅವಳಿಗೆ ಗೊತ್ತಿದ್ದದ್ದು ಅದೊಂದೇ ಹರಕೆ, ಪಾಪ.

"ಕೂದ್ಲ ಬರ್ಲಿ ಅಂತ ಬೇಡಕೊಂಡು ಕೂದ್ಲಾನೇ ಕೊಡ್ತೀನಿ ಅಂದ್ಯಾ? ತಲಿ ಕೆಟ್ಟದೇನು ನಿನಗ?" ಪ್ರತಿಭಾಳ ಕಣ್ಣಲ್ಲಿ ನೀರು ಬಂದೇ ಬಿಟ್ಟಿತು.

ಸಕ್ಲೇನ್ ನಗು ನುಂಗಿಕೊಂಡು, "ಮೂರು ಕತ್ತರಿ ಅಂತ ತುದಿ ಕೂದಲಷ್ಟೇ ಕೊಟ್ರೆ ನಡೆಯಲ್ವಾ ಅಮ್ಮಾ? ನಮ್ಮ ಪಕ್ಕದ್ಮನೆಯವ್ರು ತಿರುಪತೀಲಿ ಹಂಗೇ ಕೊಟ್ಟು ಬಂದ್ರು," ಎಂದ.

"ತಲಿ ತುಂಬ ಅಂದೀನಪ್ಪಾ," ಶರಣಮ್ಮ ಮಗಳ ಕಡೆ ತಿರುಗಿದಳು. "ನೀ ಅಳಬ್ಯಾಡ ಯವ್ವಾ. ನನ್ನ ತಲಿ ಬೋಳಿಸ್ಕೊಂಡು ಅವನ ಕಾಲಿಗಿ ಬೀಳ್ತೀನಿ."

"ನಿನ್ನವು ತಗೊಂಡು ಅವ ಸುಮ್ನಿರ್ತಾನಾ?"

ಹೌದು ಅನ್ನಲು ಶರಣಮ್ಮನಿಗೆ ಧೈರ್ಯ ಬರಲಿಲ್ಲ. ಮಲ್ಲಯ್ಯ ಮುನಿದರೆ ತನ್ನ ಮೇಲೆ ಮುನಿಯಲಿ, ಮಗಳ ಮೇಲೆ ಮುನಿದರೆ? ಅವಳ ಕೈ ಮಡಿಲಲ್ಲಿದ್ದ ಮಗಳ ಸ್ಕಾರ್ಫನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿತು. ಪ್ರತಿಭಾ ಅದನ್ನು ನೋಡಿ, ಸಕ್ಲೇನ್ ಕಡೆ ತಿರುಗಿದಳು.

"ಬೋಳಿಸಿದ್ರೆ ಬೇರಿಗೆ ಏನಾದ್ರೂ ಆಗತ್ತಾ?"

"ಬೇರು ಚರ್ಮದ ಒಳಗಿರತ್ತೆ ಮೇಡಂ, ಏನೂ ಆಗಲ್ಲ. ಆದ್ರೆ ಈ ಉದ್ದ ಬರೋಕೆ ವರ್ಷಗಟ್ಟಲೆ ಕಾಯ್ಬೇಕು. ಹೆಲ್ಮೆಟ್ಟಂತೂ ನಿಲ್ಸಂಗಿಲ್ಲ, ನಿಲ್ಸಿದ್ರೆ ಮತ್ತೆ ಉದುರೋಕೆ ಶುರುವಾಗತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಶರಣಮ್ಮ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡಳು. ಆಮೇಲೆ ಆ ಸುದ್ದಿಯನ್ನು ಅವಳು ಎತ್ತಲೇ ಇಲ್ಲ. ಹತ್ತು ದಿನ ಬಿಟ್ಟು ಎತ್ತಿದವಳು ಮಗಳು. "ರೈಲಿಗಿ ಟಿಕೆಟ್ ಮಾಡ್ಸೀನಿ. ಮಲ್ಲಯ್ಯನ ಗುಡ್ಡಕ್ಕ ಹೋಗಿ ಬರೋಣ," ಎಂದಳು. ಶರಣಮ್ಮ ಬೇಡವೆಂದಳು, ಅತ್ತಳು, ಕಡೆಗೆ ಚೀಲ ತುಂಬಿಕೊಂಡಳು.

ಗುಡ್ಡದಲ್ಲಿ ಕ್ಷೌರದವನು ತಲೆಗೆ ನೀರು ತಟ್ಟಿ ಕತ್ತಿ ಎಳೆದಾಗ ಶರಣಮ್ಮ ಮುಖ ತಿರುಗಿಸಿ ಕೂತಳು. ಹಿಂದಿನಿಂದ ಮಗಳ ದನಿ ಕೇಳಿತು: "ಅವ್ವಾ, ಇಲ್ನೋಡು. ಇಷ್ಟೆಲ್ಲಾ ಇತ್ತಾ ನನ್ನ ತಲಿಮ್ಯಾಲ?" ಹೊರಳಿ ನೋಡಿದರೆ ಪ್ರತಿಭಾಳ ಮಡಿಲ ತುಂಬ ಕಪ್ಪಗೆ ಕೂದಲು. ಎರಡು ವರ್ಷ ಇಲ್ಲ ಇಲ್ಲ ಎಂದು ಅತ್ತವಳು ಅದನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ನೋಡುತ್ತಿದ್ದಳು.

ಸೋಮವಾರ ಬೆಳಗ್ಗೆ ಕಮ್ಮನಹಳ್ಳಿಯ ಬಾಡಿಗೆ ಮನೆಯಲ್ಲಿ ಪ್ರತಿಭಾ ಆಫೀಸಿಗೆ ತಯಾರಾಗಿ ಬಾಗಿಲಿಗೆ ಬಂದಳು. ತಲೆಗೆ ಬಳಿದ ಭಂಡಾರದ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಶರಣಮ್ಮ ಓಡಿ ಬಂದು ಕಂದು ಸ್ಕಾರ್ಫ್ ಮುಂದೆ ಹಿಡಿದಳು. ಮಗಳು ಅದನ್ನು ತೆಗೆದುಕೊಳ್ಳದೆ ಚಪ್ಪಲಿ ಮೆಟ್ಟತೊಡಗಿದಳು.

"ನಾಕು ಕೂದ್ಲ ಕಮ್ಮಿ ಇದ್ದಾಗ ಎರಡು ವರ್ಷ ಮುಚ್ಚಕೊಂಡು ಅಡ್ಡಾಡಿದಿ. ಈಗ ಒಂದೂ ಇಲ್ಲ, ಹಿಂಗೇ ಹೊಂಟೀ. ಜನ ಕೇಳೂದಿಲ್ಲೇನ?"

"ಕೇಳ್ಲಿ ಬಿಡು. ಮಲ್ಲಯ್ಯಗ ಕೊಟ್ಟೀನಿ ಅಂತೀನಿ," ಪ್ರತಿಭಾ ಮೆಟ್ಟಿಲಿಳಿಯುತ್ತ ತಿರುಗಿ ನೋಡಿದಳು. "ಆವಾಗ ಕೇಳಿದ್ರ ಏನಂತ ಹೇಳೂದಿತ್ತವ್ವಾ?"